ಪೆರುವಿನಲ್ಲಿ ದಾರಿ ತೋರಿದವರು



ದಕ್ಷಿಣ ಅಮೆರಿಕದ ಪೆರು ದೇಶಕ್ಕೆ ನಮ್ಮ ಸಂಸಾರ ಒಂದು ಪ್ರವಾಸಿ ತಂಡದೊಡನೆ ಹೋಗಿ ಬಂತು. ನಮ್ಮ ಅತ್ತೆ, ನಾವಿಬ್ಬರು, ಹೈಸ್ಕೂಲಿನ ಮಗಳು, ಅವಳಿಗಿಂತ ಚಿಕ್ಕವನಾದ ಮಗ. ಜೊತೆಗೆ ಬೆಂಗಳೂರು, ಮೈಸೂರು, ಹಾಸನ ಕಡೆಯ ಇನ್ನಷ್ಟು ಮನೆಯವರು. ತಂಡದ ಪ್ರವಾಸ ಎಂದರೆ ಮೂಗು ಮುರಿಯುವವರಿದ್ದಾರೆ. ಗೈಡ್ ಎತ್ತಿ ಹಿಡಿದ ಬಾವುಟದ ಹಿಂದೆ ನಡೆಯುವುದು, ಗಡಿಯಾರ ನೋಡಿಕೊಂಡು ಬಸ್ಸು ಹತ್ತುವುದು, ಅದರಲ್ಲಿ ದೇಶ ನೋಡುವುದೇನು ಬಂತು ಎಂದು ಕೇಳುತ್ತಾರೆ. ನಾನು ಹಾಗೆ ಭಾವಿಸುವುದಿಲ್ಲ. ಗೈಡ್ ಆ ನೆಲದವರೇ ಆಗಿದ್ದು, ನಮಗೆ ಕೇಳಿಸಿಕೊಳ್ಳುವ ತಾಳ್ಮೆ ಇದ್ದರೆ, ಒಂದು ದೇಶವನ್ನು ಅಲ್ಲಿನ ಮಕ್ಕಳ ಬಾಯಿಂದಲೇ ತಿಳಿಯುವ ಅವಕಾಶ ಸಿಗುತ್ತದೆ.

ಪೆರುವಿಗಂತೂ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಅಲ್ಲಿ ಸಾಮ್ರಾಜ್ಯ ಕಟ್ಟಿದ ಇಂಕಾ ಜನ ನಮ್ಮ ಹಾಗೆ ಅಕ್ಷರದಲ್ಲಿ ಬರೆದಿಟ್ಟವರಲ್ಲ. ಬಣ್ಣಬಣ್ಣದ ದಾರಗಳಿಗೆ ಗಂಟು ಹಾಕಿ ಲೆಕ್ಕ ಇಡುತ್ತಿದ್ದರು. ಅದಕ್ಕೆ ಕಿಪು ಎಂದು ಹೆಸರು. ಅವರ ಬಗ್ಗೆ ಇರುವ ಪುಸ್ತಕಗಳೆಲ್ಲ ಸ್ಪೇನಿನವರು ಬಂದ ಮೇಲಿನವು. ಹಾಗಾಗಿ ಆ ಜನರ ಚರಿತ್ರೆ ಕಲ್ಲಿನಲ್ಲಿದೆ, ನೇಯ್ದ ಬಟ್ಟೆಯಲ್ಲಿದೆ, ಹೊಲದಲ್ಲಿದೆ, ಇವತ್ತಿಗೂ ಕೆಚುವಾ ಮಾತಾಡುವ ಲಕ್ಷಾಂತರ ಜನರ ನೆನಪಿನಲ್ಲಿದೆ. ಅದನ್ನು ಬಿಡಿಸಿ ಹೇಳುವವರು ಪಕ್ಕದಲ್ಲಿ ಇಲ್ಲದಿದ್ದರೆ ನಾವು ನೋಡಿ ಬರುವುದು ಬರೀ ಗೋಡೆಗಳನ್ನು.

ಹೊರಡುವ ಮೊದಲು ತಿಳಿದಿರಬೇಕಾದ ಒಂದೆರಡು ಸಂಗತಿ ಹೇಳಿಬಿಡುತ್ತೇನೆ. ಭಾರತದಿಂದ ಪೆರುವಿಗೆ ನೇರ ವಿಮಾನವಿಲ್ಲ. ಯೂರೋಪಿನಲ್ಲೋ ಅಮೆರಿಕದಲ್ಲೋ ವಿಮಾನ ಬದಲಿಸಬೇಕು. ಮನೆ ಬಿಟ್ಟು ಲಿಮಾ ತಲುಪುವುದರೊಳಗೆ ಒಂದು ಹಗಲು ಒಂದು ರಾತ್ರಿ ಕಳೆದು ಹೋಗುತ್ತದೆ. ಗಡಿಯಾರ ಹತ್ತೂವರೆ ಗಂಟೆ ಹಿಂದಕ್ಕೆ. ಪೆರುವಿನಿಂದ ಭಾರತಕ್ಕೆ ಮರಳುವವರ ಬಳಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಇರಬೇಕು. ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲೇ ಲಸಿಕೆ ಹಾಕಿಸಿಕೊಳ್ಳಬೇಕು. ಕಾಲ ಮಾತ್ರ ನಮಗೆ ಅನುಕೂಲವಾಗಿದೆ. ನಮ್ಮ ಮಕ್ಕಳ ಬೇಸಿಗೆ ರಜೆ ಮುಗಿಯುತ್ತ ಬರುವ ಮೇ ತಿಂಗಳಿನಲ್ಲಿ ಆಂಡೀಸ್ ಪರ್ವತಗಳಲ್ಲಿ ಮಳೆ ನಿಂತು ಆಕಾಶ ತಿಳಿಯಾಗಿರುತ್ತದೆ.

ರಾಜಧಾನಿ ಲಿಮಾ ಶಾಂತಸಾಗರದ ದಂಡೆಯ ಮೇಲಿದ್ದರೂ ಮರುಭೂಮಿಯ ನಗರ. ಕರಾವಳಿಗುಂಟ ಹರಿಯುವ ತಣ್ಣನೆಯ ಹಂಬೋಲ್ಟ್ ಪ್ರವಾಹದಿಂದಾಗಿ ಅಲ್ಲಿ ಮಂಜು ಕವಿಯುತ್ತದೆ, ಮಳೆ ಮಾತ್ರ ಸುರಿಯುವುದೇ ಇಲ್ಲವೆನ್ನಬಹುದು. 1535ರಲ್ಲಿ ಫ್ರಾನ್ಸಿಸ್ಕೊ ಪಿಸಾರೊ ಸ್ಥಾಪಿಸಿದ ಊರು ಎಂದು ಪುಸ್ತಕಗಳು ಹೇಳುತ್ತವೆ. ಅಲ್ಲಿನ ಗೈಡ್ ನಮ್ಮನ್ನು ಮೊದಲು ಕರೆದುಕೊಂಡು ಹೋದದ್ದು ಮಿರಾಫ್ಲೋರೆಸ್ ಬಡಾವಣೆಯ ನಡುವೆ ನಿಂತಿರುವ ವಾಕಾ ಪುಕ್ಯಾನಾ ಎಂಬ ಮಣ್ಣಿಟ್ಟಿಗೆಯ ಪಿರಮಿಡ್ಡಿಗೆ. ಇಂಕಾಗಳಿಗಿಂತ ನೂರಾರು ವರ್ಷ ಹಿಂದಿನದು. ಇಟ್ಟಿಗೆಗಳನ್ನು ಮಲಗಿಸದೆ, ಸಾಲಾಗಿ ನೆಟ್ಟಗೆ ನಿಲ್ಲಿಸಿ, ನಡುನಡುವೆ ಸಂದು ಬಿಟ್ಟು ಕಟ್ಟಿದ್ದಾರೆ. ಭೂಕಂಪದ ಅಲುಗಾಟವನ್ನು ಆ ಸಂದುಗಳು ನುಂಗಿಕೊಳ್ಳುತ್ತವೆ. ಸ್ಪೇನಿನವರು ಬರುವ ಎಷ್ಟೋ ಮೊದಲೇ ಇಲ್ಲಿ ನೆಲದ ಸ್ವಭಾವ ಬಲ್ಲವರು ಇದ್ದರು ಎನ್ನುವುದನ್ನು ಆ ಗೈಡ್ ಮೊದಲ ಬೆಳಗ್ಗೆಯೇ ನಮಗೆ ತೋರಿಸಿಕೊಟ್ಟರು.

ಲಿಮಾದಿಂದ ವಿಮಾನದಲ್ಲಿ ಒಂದು ತಾಸಿಗೂ ಸ್ವಲ್ಪ ಹೆಚ್ಚು ಹಾರಿದರೆ ಕುಸ್ಕೊ. ಇಂಕಾಗಳ ರಾಜಧಾನಿ. ಎತ್ತರ ಸುಮಾರು 3,400 ಮೀಟರ್. ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್ ಆಸುಪಾಸಿನದು ಎಂದು ನೆನೆದರೆ ಇದರ ಅಂದಾಜು ಸಿಕ್ಕೀತು. ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೆಯ ಎರಡು ಪಾಲಿಗೆ ಇಳಿದಿರುತ್ತದೆ. ಉಸಿರಿಗೆ ದಕ್ಕುವ ಆಮ್ಲಜನಕ ಅಷ್ಟೇ ಕಡಿಮೆ. ತಲೆಶೂಲೆ, ವಾಕರಿಕೆ, ನಿದ್ದೆಗೇಡು ಬರಬಹುದು. ಇದಕ್ಕೆ ಅಲ್ಲಿನವರು ಸೊರೋಚೆ ಎನ್ನುತ್ತಾರೆ.

ಇಲ್ಲಿಂದ ಮುಂದೆ ನಮ್ಮ ಜೊತೆಗಿದ್ದ ಗೈಡ್ ಕುಸ್ಕೊ ಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿ ಬೆಳೆದ ಹೆಣ್ಣುಮಗಳು. ಮನೆಮಾತು ಕೆಚುವಾ, ಶಾಲೆಯಲ್ಲಿ ಕಲಿತದ್ದು ಸ್ಪ್ಯಾನಿಷ್, ಕೆಲಸಕ್ಕೆ ಕಲಿತದ್ದು ಇಂಗ್ಲಿಷ್. ಆಕೆ ನಮ್ಮನ್ನು ಕುಸ್ಕೊದಲ್ಲಿ ಉಳಿಸಿಕೊಳ್ಳಲೇ ಇಲ್ಲ. ವಿಮಾನ ನಿಲ್ದಾಣದಿಂದ ನೇರವಾಗಿ ಕೆಳಗಿನ ಉರುಬಂಬಾ ನದಿಯ ಕಣಿವೆಗೆ ಬಸ್ಸು ಹೊರಡಿಸಿದರು. ಅಲ್ಲಿನ ಎತ್ತರ ಸುಮಾರು 2,800 ಮೀಟರ್. ಮೊದಲ ರಾತ್ರಿಗಳನ್ನು ತಗ್ಗಿನಲ್ಲಿ ಕಳೆದು, ಮೈ ಒಗ್ಗಿದ ಮೇಲೆ ಮೇಲಕ್ಕೆ ಹೋಗುವುದು ಆಕೆಯ ಲೆಕ್ಕ. ಮಾಚು ಪಿಚು ಕುಸ್ಕೊಗಿಂತ ಸುಮಾರು 1,000 ಮೀಟರ್ ಕೆಳಗಿದೆ. ಆದ್ದರಿಂದ ಅದನ್ನು ಮೊದಲು ನೋಡಿ, ಕುಸ್ಕೊವನ್ನು ಆಮೇಲೆ, ಎಲ್ಲಕ್ಕಿಂತ ಎತ್ತರದ ಟಿಟಿಕಾಕಾ ಸರೋವರವನ್ನು ಕೊನೆಗೆ ಇಟ್ಟುಕೊಂಡರೆ ವಯಸ್ಸಾದವರಿಗೂ ಮಕ್ಕಳಿಗೂ ಕಷ್ಟವಾಗದು. ಮೊದಲ ದಿನ ಹೊಟ್ಟೆ ತುಂಬ ಉಣ್ಣಬೇಡಿ, ನೀರು ಕುಡಿಯುತ್ತಿರಿ, ಮೆಲ್ಲಗೆ ನಡೆಯಿರಿ ಎಂದರು. ಕೋಕಾ ಎಲೆಯ ಚಹಾ ಅಲ್ಲಿ ಮನೆಮನೆಯ ಪೇಯ, ಹೋಟೆಲಿನಲ್ಲೂ ಇಟ್ಟಿರುತ್ತಾರೆ. ಆದರೆ ಆ ಎಲೆಯನ್ನಾಗಲಿ ಚಹಾ ಪೊಟ್ಟಣವನ್ನಾಗಲಿ ಭಾರತಕ್ಕೆ ತರುವಂತಿಲ್ಲ, ಇಲ್ಲಿ ಅದು ನಿಷಿದ್ಧ. ಸಸ್ಯಾಹಾರಿಗಳಾದ ನಮಗೆ ಕಿನೋವಾ ಸೂಪು, ದಪ್ಪ ಕಾಳಿನ ಮೆಕ್ಕೆಜೋಳ, ಬಗೆಬಗೆಯ ಆಲೂಗಡ್ಡೆ ಸಿಕ್ಕವು. ಸೂಪಿಗೆ ಮಾಂಸದ ರಸ ಬೆರೆಸುವುದು ಅಲ್ಲಿ ಸಾಮಾನ್ಯ. ಅದನ್ನು ಪ್ರತಿ ಊಟದ ಮನೆಯಲ್ಲೂ ಮೊದಲೇ ವಿಚಾರಿಸಿ ನಮ್ಮನ್ನು ಕೂರಿಸಿದವರು ಆಕೆಯೇ.

ಕಣಿವೆಯ ಮೇಲಣ ಚಿಂಚೆರೊ ಎಂಬ ಊರು ನೇಕಾರರದ್ದು. ನಮ್ಮತ್ತೆ ಗುಳೇದಗುಡ್ಡದವರು, ಖಣ ನೇಯುವ ಮಗ್ಗದ ಸದ್ದು ಕೇಳುತ್ತ ಬೆಳೆದವರು. ಅಂಗಳದಲ್ಲಿ ಒಬ್ಬ ಹೆಂಗಸು ನೆಲದ ಮೇಲೆ ಕೂತಿದ್ದರು. ಹಾಸಿನ ಒಂದು ತುದಿ ಎದುರಿನ ಗೂಟಕ್ಕೆ, ಇನ್ನೊಂದು ತುದಿ ಅವರ ಸೊಂಟದ ಪಟ್ಟಿಗೆ. ಹಿಂದಕ್ಕೆ ಬಾಗಿದರೆ ನೂಲು ಬಿಗಿಯುತ್ತದೆ, ಮುಂದಕ್ಕೆ ಬಾಗಿದರೆ ಸಡಿಲವಾಗುತ್ತದೆ. ಅವರ ಮೈಯೇ ಮಗ್ಗದ ಅರ್ಧ ಭಾಗ. ಹೊಕ್ಕು ನೂಲನ್ನು ಕೂಡಿಸಲು ಲಾಮಾದ ಮೂಳೆಯಿಂದ ಮಾಡಿದ ಚೂಪು ಸಲಕರಣೆ. ಚಿತ್ತಾರಕ್ಕೆ ಮುಂದೆ ಯಾವ ನಕ್ಷೆಯೂ ಇಲ್ಲ, ಎಳೆಗಳ ಎಣಿಕೆ ಪೂರ್ತಿ ತಲೆಯಲ್ಲಿ. ಅತ್ತೆ ಪಕ್ಕದಲ್ಲಿ ಕೂತು ಎಳೆಗಳನ್ನು ಬೆರಳಿನಲ್ಲಿ ಎಣಿಸತೊಡಗಿದರು. ಆ ಹೆಂಗಸು ತಲೆಯಾಡಿಸಿ, ಅತ್ತೆ ಬಿಟ್ಟುಹೋದ ಎಳೆಯನ್ನು ಎತ್ತಿ ತೋರಿಸಿದರು. ಒಬ್ಬರ ಮಾತು ಒಬ್ಬರಿಗೆ ತಿಳಿಯದು, ಕಸುಬು ತಿಳಿಯಿತು.

ಬಣ್ಣ ಹಾಕುವುದನ್ನು ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು. ಪಾಪಸುಕಳ್ಳಿಯ ಮೇಲೆ ಬದುಕುವ ಕೊಚಿನಿಲ್ಲಾ ಎಂಬ ಪುಟ್ಟ ಹುಳು, ಒಣಗಿದ ಮೇಲೆ ಬೂದು ಬಣ್ಣದ ಕಾಳಿನಷ್ಟೇ ಕಾಣುತ್ತದೆ. ಅದನ್ನು ಅಂಗೈಯಲ್ಲಿ ಒತ್ತಿ ತಿಕ್ಕಿದ ಕೂಡಲೇ ಗಾಢ ಕೆಂಪು. ಅದಕ್ಕೆ ನಿಂಬೆಯ ರಸ ಹಿಂಡಿದರೆ ಕಿತ್ತಳೆಯತ್ತ ತಿರುಗುತ್ತದೆ. ಇವತ್ತಿಗೂ ಜಗತ್ತಿನಲ್ಲಿ ಈ ಬಣ್ಣದ ಹುಳುವನ್ನು ಅತಿ ಹೆಚ್ಚು ಬೆಳೆಯುವ ದೇಶ ಪೆರು. ತುಟಿಯ ಬಣ್ಣಕ್ಕೂ ಕೆಲವು ತಿಂಡಿಗಳಿಗೂ ಇದನ್ನು ಬಳಸುತ್ತಾರೆ. ನಮ್ಮ ಊರಿನ ಬೇಲಿಗಳಲ್ಲಿ ಕಾಣುವ ಪಾಪಸುಕಳ್ಳಿ ಕೂಡ ಅಮೆರಿಕ ಖಂಡದಿಂದ ಬಂದ ಗಿಡ ಎಂದು ಮಗಳಿಗೆ ತಿಳಿದದ್ದು ಆ ಅಂಗಳದಲ್ಲಿ.

ಹೀಗೆ ಬಂದದ್ದು ಕಳ್ಳಿ ಒಂದೇ ಅಲ್ಲ. ಆಲೂಗಡ್ಡೆಯ ತವರು ಇದೇ ಆಂಡೀಸ್. ಟಿಟಿಕಾಕಾ ಸರೋವರದ ಸುತ್ತಲಿನ ಎತ್ತರದ ನೆಲದಲ್ಲಿ ಸಾವಿರಾರು ವರ್ಷಗಳ ಹಿಂದೆ ಅದನ್ನು ಪಳಗಿಸಿದರು. ಅದೇ ಕಣಿವೆಯ ಪಿಸಾಕ್ ಊರಿನ ಸಂತೆಯಲ್ಲಿ ನೇರಳೆ, ಕೆಂಪು, ಹಳದಿ, ಕಪ್ಪು ಬಣ್ಣದ, ಗೆಣಸಿನಂತೆ ಉದ್ದನೆಯ, ಗಂಟುಗಂಟಾದ ಗಡ್ಡೆಗಳ ರಾಶಿ ಕಂಡು ನಮ್ಮ ತಂಡದ ಹಾಸನ ಕಡೆಯ ರೈತ ದಂಪತಿ ಅಲ್ಲಿಂದ ಕದಲಲೇ ಇಲ್ಲ. ಹಾಸನದ ಆಲೂಗಡ್ಡೆ ಬೆಳೆಗಾರರನ್ನು ಅಂಗಮಾರಿ ರೋಗ ಎಷ್ಟು ಹಣ್ಣು ಮಾಡಿದೆ ಎಂಬುದು ಕೇಳುಗರಲ್ಲಿ ಅನೇಕರಿಗೆ ಗೊತ್ತು. ಅವರು ಕೇಳಿದ ಮೊದಲ ಪ್ರಶ್ನೆಯೇ ಅದು. ಗೈಡ್ ಗಡ್ಡೆ ಮಾರುತ್ತಿದ್ದ ಅಜ್ಜನ ಹತ್ತಿರ ಕೆಚುವಾದಲ್ಲಿ ವಿಚಾರಿಸಿ ಉತ್ತರ ತಂದುಕೊಟ್ಟರು. ಒಂದೇ ಹೊಲದಲ್ಲಿ ಹಲವು ತಳಿ ಕೂಡಿಸಿ ನೆಡುತ್ತೇವೆ, ರೋಗವೋ ಹಿಮವೋ ಬಂದರೆ ಒಂದಿಷ್ಟು ಹೋಗುತ್ತದೆ, ಒಂದಿಷ್ಟು ಉಳಿಯುತ್ತದೆ, ಆದರೆ ಈಚೆಗೆ ಸೆಕೆ ಹೆಚ್ಚಿ ಹೊಲಗಳನ್ನು ಇನ್ನೂ ಮೇಲಕ್ಕೆ ಒಯ್ಯಬೇಕಾಗಿದೆ ಎಂದರು ಅಜ್ಜ.

ಪಿಸಾಕ್ ಸುತ್ತಲಿನ ಕೆಲವು ಕೆಚುವಾ ಸಮುದಾಯಗಳು ಕೂಡಿ ಅಲ್ಲಿ ಆಲೂಗಡ್ಡೆಯ ಉದ್ಯಾನವೊಂದನ್ನು ನಡೆಸುತ್ತವೆ. 1971ರಲ್ಲಿ ಲಿಮಾದಲ್ಲಿ ಆರಂಭವಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ತನ್ನ ಬೀಜ ಭಂಡಾರದಲ್ಲಿ ಸಾವಿರಾರು ತಳಿಗಳನ್ನು ಕಾಪಾಡಿಕೊಂಡಿದೆ. ಹೊಲದಿಂದ ಮರೆಯಾಗಿದ್ದ ತಳಿಗಳನ್ನು ಆ ಸಮುದಾಯಗಳಿಗೆ ಹಿಂದಿರುಗಿಸುವ ಒಪ್ಪಂದ 2004ರಲ್ಲಿ ಆಯಿತು. ವಿಜ್ಞಾನಿಗಳು ರೈತರಿಂದ ಪಡೆದದ್ದನ್ನು ರೈತರಿಗೇ ಮರಳಿಸಿದ ಈ ಕೆಲಸ ನನಗೆ ಬಹಳ ದೊಡ್ಡದಾಗಿ ಕಂಡಿತು. ಅದೇ ಸಂತೆಯಲ್ಲಿ ಚುನ್ಯೊ ಕೂಡ ಇತ್ತು. ಗಡ್ಡೆಯನ್ನು ರಾತ್ರಿಯ ಹಿಮದಲ್ಲಿ ಹೆಪ್ಪುಗಟ್ಟಲು ಬಿಟ್ಟು, ಹಗಲಲ್ಲಿ ಕಾಲಿನಿಂದ ತುಳಿದು ನೀರು ಹಿಂಡಿ, ಬಿಸಿಲಿಗೆ ಒಣಗಿಸಿದ ಪದಾರ್ಥ. ಕಲ್ಲಿನಂತೆ ಗಟ್ಟಿ, ಆದರೆ ಹಗುರ, ವರ್ಷಗಟ್ಟಲೆ ಕೆಡುವುದಿಲ್ಲ. ಇಂಕಾಗಳ ಉಗ್ರಾಣಗಳನ್ನು ತುಂಬಿಸಿದ ಪದಾರ್ಥಗಳಲ್ಲಿ ಇದೂ ಒಂದು.

ಇನ್ನು ಮಾಚು ಪಿಚು. ಒಯಾಂತಾಯ್ತಾಂಬೊ ಊರಿನಿಂದ ನದಿಯ ಬದಿಗೇ ರೈಲು, ಆಮೇಲೆ ಬೆಟ್ಟದ ತಿರುವುಗಳಲ್ಲಿ ಬಸ್ಸು. 15ನೆಯ ಶತಮಾನದಲ್ಲಿ ಪಚಾಕುತಿ ಎಂಬ ಇಂಕಾ ದೊರೆ ಕಟ್ಟಿಸಿದ್ದು, 1983ರಿಂದ ವಿಶ್ವ ಪರಂಪರೆಯ ತಾಣ. ಪ್ರತಿ ಟಿಕೆಟಿಗೂ ದಿನ, ಹೊತ್ತು, ನಡೆಯುವ ದಾರಿ ಗೊತ್ತುಪಡಿಸಿರುತ್ತಾರೆ. ಇಂಥ ಕಟ್ಟುನಿಟ್ಟು ಏಕೆ ಎಂದು ಮಗ ಕೇಳಿದ. 2000ರಲ್ಲಿ ಜಾಹೀರಾತೊಂದರ ಚಿತ್ರೀಕರಣದ ವೇಳೆ ಕ್ರೇನ್ ಬಿದ್ದು, ಇಂತಿವಾತಾನಾ ಎಂಬ ಪವಿತ್ರ ಶಿಲೆಯ ಅಂಚು ಒಡೆದುಹೋದ ಸಂಗತಿಯನ್ನು ಗೈಡ್ ಹೇಳಿದರು. ಅವನು ಆಮೇಲೆ ಯಾವ ಕಲ್ಲಿಗೂ ಕೈ ತಾಗಿಸಲಿಲ್ಲ.

ಚಿತ್ರಪಟದಲ್ಲಿ ಕಾಣುವ ಗೋಡೆಗಳಿಗಿಂತ ಕಾಣದಿರುವುದೇ ಅಲ್ಲಿ ಹೆಚ್ಚು. ಮಲೆನಾಡಿನ ಹಾಗೆ ಮಳೆ ಸುರಿಯುವ ಕಡಿದಾದ ಬೆಟ್ಟದ ನೆತ್ತಿ ಅದು. ಆದರೂ 500ಕ್ಕೂ ಹೆಚ್ಚು ವರ್ಷಗಳಿಂದ ಊರು ಕುಸಿದಿಲ್ಲ. ಗೈಡ್ ಒಂದು ಮೆಟ್ಟಿಲು ಹೊಲದ ಬಳಿ ನಮ್ಮನ್ನು ನಿಲ್ಲಿಸಿ ಅದರ ಒಡಲನ್ನು ವಿವರಿಸಿದರು. ಅಡಿಯಲ್ಲಿ ದೊಡ್ಡ ಕಲ್ಲು, ಅದರ ಮೇಲೆ ಜಲ್ಲಿ, ಆಮೇಲೆ ಮರಳು, ಎಲ್ಲಕ್ಕಿಂತ ಮೇಲೆ ಫಲವತ್ತಾದ ಮಣ್ಣು. ಬಿದ್ದ ನೀರು ಸೋಸುತ್ತ ಇಳಿದು ಗೋಡೆಗೆ ಭಾರವಾಗದೆ ಹರಿದುಹೋಗುತ್ತದೆ. ಕುಡಿಯುವ ನೀರಿಗೆ ಬೆಟ್ಟದ ಒರತೆಯಿಂದ ಕಾಲುವೆ, ಅದರಿಂದ ಒಂದರ ಕೆಳಗೊಂದು 16 ಚಿಲುಮೆ. ನಮ್ಮ ಯಜಮಾನರು ಸಿವಿಲ್ ಎಂಜಿನಿಯರ್. ಅವರು ಆ ಕಾಲುವೆಯ ಇಳಿಜಾರನ್ನು ನೋಡುತ್ತ ಕುಕ್ಕುರುಗಾಲಿನಲ್ಲಿ ಕೂತುಬಿಟ್ಟರು.

ಈ ಊರನ್ನು 1911ರ ಜುಲೈ 24ರಂದು ಅಮೆರಿಕದ ಹೈರಮ್ ಬಿಂಗ್ಹ್ಯಾಮ್ ಕಂಡುಹಿಡಿದರು ಎಂದು ನಾವು ಓದಿದ್ದೇವೆ. ಆ ಬೆಳಗ್ಗೆ ಅವರಿಗೆ ದಾರಿ ತೋರಿಸಿದವರು ಮೆಲ್ಚೋರ್ ಆರ್ತೆಯಾಗಾ ಎಂಬ ಸ್ಥಳೀಯ ರೈತ, ಕೂಲಿ ಒಂದು ಸೋಲ್ ನಾಣ್ಯ. ಬೆಟ್ಟದ ಮೇಲೆ ರೈತ ಕುಟುಂಬಗಳು ಆ ಹಳೆಯ ಮೆಟ್ಟಿಲು ಹೊಲಗಳಲ್ಲೇ ಬೆಳೆ ತೆಗೆಯುತ್ತಿದ್ದವು. ಅಲ್ಲಿಂದ ಮುಂದೆ ಅವಶೇಷಗಳ ನಡುವೆ ಬಿಂಗ್ಹ್ಯಾಮ್ ಅವರನ್ನು ಕರೆದೊಯ್ದದ್ದು ಒಬ್ಬ ಪುಟ್ಟ ಹುಡುಗ. ಕುಸ್ಕೊ ಸೀಮೆಯ ಅಗುಸ್ತಿನ್ ಲಿಸಾರಾಗಾ ಅಲ್ಲಿಗೆ ಮೊದಲೇ ಬಂದು ಗೋಡೆಯ ಮೇಲೆ ತಮ್ಮ ಹೆಸರನ್ನೂ 1902 ಎಂಬ ವರ್ಷವನ್ನೂ ಬರೆದಿದ್ದರು, ಬಿಂಗ್ಹ್ಯಾಮ್ ಅದನ್ನು ಕಂಡು ಗುರುತು ಮಾಡಿಕೊಂಡಿದ್ದರು. ಆಮೇಲೆ ಅಗೆದು ತೆಗೆದ ವಸ್ತುಗಳು ಅಮೆರಿಕದ ಯೇಲ್ ವಿಶ್ವವಿದ್ಯಾಲಯ ಸೇರಿದವು. ಪೆರು ಬಹುಕಾಲ ಕೇಳಿದ ಮೇಲೆ 2011 ಮತ್ತು 2012ರಲ್ಲಿ ಮರಳಿ ಬಂದವು. ಈಗ ಅವು ಕುಸ್ಕೊದ ಕಾಸಾ ಕೊಂಚಾ ಸಂಗ್ರಹಾಲಯದಲ್ಲಿವೆ. ಇದನ್ನು ಹೇಳುವಾಗ ಗೈಡ್ ದನಿ ಏರಿಸಲಿಲ್ಲ, ಯಾರನ್ನೂ ಹಳಿಯಲಿಲ್ಲ, ಆದರೆ ಆ ಹುಡುಗನ ವಿಷಯ ಬಂದಾಗ ಮಕ್ಕಳ ಕಡೆ ತಿರುಗಿ ಹೇಳಿದರು. ಹೊರಗಿನಿಂದ ಬಂದವರ ಹೆಸರು ಉಳಿದ ಕಡೆಯೆಲ್ಲ, ದಾರಿ ಗೊತ್ತಿದ್ದವರೊಬ್ಬರು ಮುಂದೆ ನಡೆದಿರುತ್ತಾರೆ ಎನ್ನುವುದು ನಮ್ಮ ಮಕ್ಕಳ ಮನಸ್ಸಿಗೆ ಇಳಿಯಿತು.

ಕುಸ್ಕೊದಲ್ಲಿ ಇದೇ ಕಥೆಯನ್ನು ಕಲ್ಲು ಹೇಳುತ್ತದೆ. ಕೊರಿಕಾಂಚಾ ಎಂಬ ಸೂರ್ಯನ ಗುಡಿಯ ಗೋಡೆಗಳ ಮೇಲೆ ಸ್ಪೇನಿನವರು ಸಾಂತೊ ದೊಮಿಂಗೊ ಮಠ ಕಟ್ಟಿದರು. 1950ರ ಮೇ 21ರ ಭೂಕಂಪದಲ್ಲಿ ಮಠಕ್ಕೆ ಭಾರಿ ಹಾನಿಯಾಯಿತು. ಗಾರೆ ಉದುರಿದ ಕಡೆ, ಅಡಗಿದ್ದ ಇಂಕಾ ಗೋಡೆಗಳು ಅಲುಗದೆ ನಿಂತಿದ್ದವು. ಗಾರೆ ಇಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ ಕೆಲಸ, ಒಳಕ್ಕೆ ತುಸು ವಾಲಿದ ಗೋಡೆ, ಮೇಲೆ ಕಿರಿದು ಕೆಳಗೆ ಅಗಲವಾದ ಬಾಗಿಲು. ಹತುನ್ ರುಮಿಯೊಕ್ ಬೀದಿಯಲ್ಲಿ 12 ಮೂಲೆಗಳ ಒಂದು ಕಲ್ಲಿದೆ. ಮಗ ಬೆರಳು ತಾಗಿಸದೆ ಮೂಲೆಗಳನ್ನು ಎಣಿಸಿದ. ಸುತ್ತಲಿನ ಕಲ್ಲುಗಳೆಲ್ಲ ಅದರ ಮೂಲೆಗೆ ತಕ್ಕಂತೆ ಮೈ ಕೊರೆಸಿಕೊಂಡಿವೆ, ನಡುವೆ ಕಾಗದ ತೂರಿಸಲೂ ಸಂದಿಲ್ಲ.

ಕೊನೆಗೆ 3,812 ಮೀಟರ್ ಎತ್ತರದ ಟಿಟಿಕಾಕಾ. ತೊತೊರಾ ಎಂಬ ಜೊಂಡಿನಿಂದ ಹೆಣೆದ ತೇಲುವ ದ್ವೀಪಗಳಲ್ಲಿ ಉರೋಸ್ ಜನ ಇದ್ದಾರೆ. ಅಡಿಯ ಜೊಂಡು ಕೊಳೆಯುತ್ತಲೇ ಇರುವುದರಿಂದ ಮೇಲೆ ಹೊಸದನ್ನು ಹಾಸುತ್ತಲೇ ಇರಬೇಕು. ತಾಕಿಲೆ ದ್ವೀಪದಲ್ಲಿ ಟೊಪ್ಪಿ ಹೆಣೆಯುವವರು ಗಂಡಸರು, ಹುಡುಗರು ಚಿಕ್ಕಂದಿನಲ್ಲೇ ಕಲಿಯುತ್ತಾರೆ. ಮದುವೆಯಾದವರ ಟೊಪ್ಪಿ ಪೂರ್ತಿ ಕೆಂಪು, ಆಗದವರದ್ದು ಕೆಂಪು ಬಿಳುಪು. 2005ರಲ್ಲಿ ಯುನೆಸ್ಕೊ ಈ ದ್ವೀಪದ ನೇಯ್ಗೆ ಕಲೆಯನ್ನು ಮಾನವಕುಲದ ಪರಂಪರೆ ಎಂದು ಸಾರಿತು. ಬರುವ ಪ್ರವಾಸಿಗಳಿಗೆ ಊಟ ಹಾಕುವ ಸರದಿಯನ್ನು ಮನೆಗಳು ಹಂಚಿಕೊಳ್ಳುತ್ತವೆ, ಹಾಗಾಗಿ ಹಣ ಒಬ್ಬರ ಪಾಲಾಗುವುದಿಲ್ಲ.

ಕೇಳುಗರೇ, ಗೈಡ್ ಕೆಲಸ ಎಂದರೆ ಬಾಯಿಪಾಠ ಒಪ್ಪಿಸುವುದಲ್ಲ. ಪೆರುವಿನಲ್ಲಿ ಅದಕ್ಕೆ ಕಾಲೇಜು ಓದಿ, ಪರವಾನಗಿ ಪಡೆಯಬೇಕು. 2020ರ ಮಾರ್ಚಿನಿಂದ ನವೆಂಬರಿನವರೆಗೆ ಸಾಂಕ್ರಾಮಿಕದಿಂದಾಗಿ ಮಾಚು ಪಿಚು ಮುಚ್ಚಿದಾಗ ಎಷ್ಟೋ ಗೈಡ್‌ಗಳು ಹೊಲದ ಕೆಲಸಕ್ಕೆ ಮರಳಿ ಹೊಟ್ಟೆ ಹೊರೆದುಕೊಂಡರು. ಇನ್ನು ಮಾಚು ಪಿಚುವಿಗೆ ಕಾಲ್ನಡಿಗೆಯಲ್ಲಿ ಹೋಗುವ ಇಂಕಾ ಹಾದಿಯಲ್ಲಿ ಚಾರಣಿಗರ ಡೇರೆ, ಪಾತ್ರೆ, ಅಕ್ಕಿ ಬೇಳೆ ಹೊರುವ ಕೂಲಿಗಳಿಗೆ 20 ಕಿಲೊಗಿಂತ ಹೆಚ್ಚು ಹೊರಿಸಬಾರದು ಎಂಬ ಕಾನೂನು ಬಂದದ್ದು 2001ರಲ್ಲಿ. ನಮ್ಮ ಸಂತೋಷ ಯಾರ ಬೆನ್ನಿನ ಮೇಲೆ ಬರುತ್ತದೆ ಎಂದು ಕೇಳುವುದು ಪ್ರವಾಸಿಯ ಧರ್ಮ.

ಆದ್ದರಿಂದ ಸಂಸಾರ ಸಮೇತ ದೂರದ ದೇಶಕ್ಕೆ ಹೊರಡುವವರಿಗೆ ನನ್ನ ಬಿನ್ನಹ ಇಷ್ಟು. ತಂಡ ಆರಿಸುವಾಗ ಹೋಟೆಲಿನ ನಕ್ಷತ್ರ, ನೋಡುವ ಜಾಗಗಳ ಪಟ್ಟಿ ಇವನ್ನಷ್ಟೇ ಕೇಳಬೇಡಿ. ಗೈಡ್ ಆ ಊರಿನವರೇ? ಎತ್ತರಕ್ಕೆ ಮೈ ಒಗ್ಗಲು ಎಷ್ಟು ರಾತ್ರಿ ಬಿಟ್ಟಿದ್ದೀರಿ? ನಿಧಾನ ನಡೆಯುವ ಹಿರಿಯರಿಗೆ ಏನು ಏರ್ಪಾಡು? ಊಟ, ವಸತಿಯ ಹಣದಲ್ಲಿ ಅಲ್ಲಿನ ಜನರಿಗೆ ತಲುಪುವುದೆಷ್ಟು? ಈ ಪ್ರಶ್ನೆಗಳನ್ನು ಕೇಳಿ. ಎರಡು ಜಾಗ ಕೈಬಿಟ್ಟರೂ ಪರವಾಗಿಲ್ಲ, ಒಂದು ದಿನ ಹೆಚ್ಚು ಇರಲಿ. ಹೊರಡುವ ಮೊದಲು ಮಕ್ಕಳೊಡನೆ ಕೂತು ಆ ದೇಶದ ಬಗ್ಗೆ ಓದಿ, ಗೈಡನ್ನು ಏನು ಕೇಳಬೇಕೆಂದು ಅವರೇ ಬರೆದುಕೊಳ್ಳಲಿ. ಪ್ರಶ್ನೆ ಕೇಳುವ ತಂಡ ಸಿಕ್ಕಿದಾಗ ಗೈಡ್ ತಮ್ಮ ಊರಿನ ಬಗ್ಗೆ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಜಗತ್ತಿನ ಯಾವ ಮೂಲೆಗೆ ಹೋದರೂ ಅಲ್ಲಿನವರು ಹೇಳುವುದನ್ನು ಗೌರವದಿಂದ ಕೇಳುವ ಅಭ್ಯಾಸ ಮಕ್ಕಳಿಗೆ ಬಂದರೆ, ಪ್ರವಾಸಕ್ಕೆ ಹಾಕಿದ ಹಣವೂ ಶ್ರಮವೂ ಸಾರ್ಥಕ.